ಬಯಲಾಟದ ನೇರಪ್ರಸಾರ: ಎನ್‌ಕೋಡರ್‌ಗೆ ನೆಟ್‌ವರ್ಕ್ ಹೊಂದಿಸುವ ಬಗೆ

ಬಯಲಾಟವಿರಲಿ, ರಥೋತ್ಸವವಿರಲಿ, ಮದುವೆಯಿರಲಿ, ಎನ್‌ಕೋಡರ್‌ನ (ಕ್ಯಾಮೆರಾದ ಚಿತ್ರವನ್ನು ಇಂಟರ್‌ನೆಟ್‌ಗೆ ಕಳಿಸುವ ಪೆಟ್ಟಿಗೆಯ) ಐಪಿಯನ್ನು, ಅಂದರೆ ನೆಟ್‌ವರ್ಕ್ ವಿಳಾಸವನ್ನು, ನಾನು ಕಾರ್ಯಕ್ರಮದ ಜಾಗದಲ್ಲಿ ಮುಟ್ಟುವುದೇ ಇಲ್ಲ. ಮನೆಯಲ್ಲಿ ಒಮ್ಮೆ ಕೂರಿಸಿದ್ದು ಎಲ್ಲ ಊರಿಗೂ ಅದೇ. ಅದಕ್ಕಾಗಿ ಸ್ವಂತದ್ದೊಂದು ಸಣ್ಣ ರೂಟರ್ ಎನ್‌ಕೋಡರ್ ಜೊತೆ ಒಂದೇ ಪೆಟ್ಟಿಗೆಯಲ್ಲಿ ಹೋಗುತ್ತದೆ. ದೇವಸ್ಥಾನದ ಕಚೇರಿಯ ಫೈಬರ್, ಪಕ್ಕದ ಮನೆಯ ವೈಫೈ, ಸಿಮ್ ಹಾಕಿದ ಡಾಂಗಲ್, ಏನೂ ಇಲ್ಲದಿದ್ದರೆ ಯಾರದೋ ಮೊಬೈಲ್ ಹಾಟ್‌ಸ್ಪಾಟ್: ಸಿಕ್ಕಿದ್ದು ಯಾವುದಾದರೂ ರೂಟರ್‌ನ ಹೊರಗಡೆ, ಅಂದರೆ ವ್ಯಾನ್ (WAN) ಕಡೆಗೆ ಸೇರುತ್ತದೆ. ಎನ್‌ಕೋಡರ್‌ಗೆ ಅದರ ಸುದ್ದಿಯೇ ಇಲ್ಲ. ನಾನು ನೋಡಿದ ಮಟ್ಟಿಗೆ ನೇರಪ್ರಸಾರ ಕೆಡುವುದು ವೇಗ ಸಾಲದ್ದಕ್ಕಿಂತ ಹೆಚ್ಚಾಗಿ, ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಪೂಜೆ ಮುಗಿಯುವ ಹೊತ್ತಿಗೆ ಗೇಟ್‌ವೇ (ಹೊರಗೆ ಹೋಗುವ ದಾರಿಯ ಐಪಿ) ಯಾವುದು, ಡಿಎನ್‌ಎಸ್ (ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್) ಯಾವುದು ಎಂದು ತಡಕಾಡುವುದರಿಂದ.

ರೂಟರ್‌ನ ಒಳಗಡೆಗೆ ಯಾವ ಐಪಿ ಸಾಲು (ಮೊದಲ ಮೂರು ಅಂಕಿ ಒಂದೇ ಆಗಿರುವ ವಿಳಾಸಗಳ ಗುಂಪು) ಎಂಬುದನ್ನು ಮಾತ್ರ ಯೋಚಿಸಿ ಆರಿಸಬೇಕು. 192.168.1.x ಮತ್ತು 192.168.0.x ಬೇಡವೇ ಬೇಡ, ಮನೆ ಮೋಡೆಮ್‌ಗಳಲ್ಲಿ ಹೆಚ್ಚಿನವು ಅವುಗಳಲ್ಲೇ ಬರುತ್ತವೆ. ಜಿಯೋಫೈಬರ್ ರೂಟರ್ 192.168.29.x, ಹುವಾವೇ ಡಾಂಗಲ್ 192.168.8.x, ಹಳೆಯ ಆಂಡ್ರಾಯ್ಡ್ ಹಾಟ್‌ಸ್ಪಾಟ್ 192.168.43.x, ಐಫೋನ್ ಹಾಟ್‌ಸ್ಪಾಟ್ 172.20.10.x. ಒಳಗೂ ಹೊರಗೂ ಒಂದೇ ಸಾಲು ಬಿದ್ದರೆ ಪ್ಯಾಕೆಟ್ಟನ್ನು ಎತ್ತ ಕಳಿಸಬೇಕೆಂದು ರೂಟರ್‌ಗೆ ತಿಳಿಯುವುದಿಲ್ಲ. ದೀಪವೆಲ್ಲ ಹಸಿರಾಗಿ ಉರಿಯುತ್ತಿರುತ್ತದೆ, ಇಂಟರ್‌ನೆಟ್ ಇರುವುದಿಲ್ಲ. ಯಾರೂ ಬಳಸದ ಸಾಲೊಂದನ್ನು ಹಿಡಿದುಕೊಂಡರೆ ಈ ತಾಪತ್ರಯವೇ ಇಲ್ಲ. ನನ್ನ ಪೆಟ್ಟಿಗೆಯಲ್ಲಿ ಹೀಗಿದೆ:

ರೂಟರ್: 192.168.77.1
ಎನ್‌ಕೋಡರ್: 192.168.77.10
ಲ್ಯಾಪ್‌ಟಾಪ್: 192.168.77.20
ಸಬ್‌ನೆಟ್ ಮಾಸ್ಕ್: 255.255.255.0
ಗೇಟ್‌ವೇ: 192.168.77.1
ಡಿಎನ್‌ಎಸ್: 8.8.8.8, ಎರಡನೆಯದು 1.1.1.1
ಡಿಎಚ್‌ಸಿಪಿ (ರೂಟರ್ ತಾನಾಗಿ ಐಪಿ ಕೊಡುವ ಏರ್ಪಾಡು) ಹಂಚುವ ವ್ಯಾಪ್ತಿ: 100ರಿಂದ 150

ಎನ್‌ಕೋಡರ್‌ಗೆ ಡಿಎಚ್‌ಸಿಪಿ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಕು, ಆದರೆ ಅದಕ್ಕೆ ಪರದೆ ಇಲ್ಲ. ಇವತ್ತು ಯಾವ ಐಪಿ ಸಿಕ್ಕಿತೆಂದು ತಿಳಿಯದೆ ಅದರ ಪುಟ ತೆರೆಯುವ ಹಾಗಿಲ್ಲ. ಡಿಎಚ್‌ಸಿಪಿ ಕೊಡುವವರು ಸಿಗದಿದ್ದರೆ ಕೆಲವು 169.254ರ ಸಾಲಿಗೆ ಬೀಳುತ್ತವೆ, ಕೆಲವು ಕಾರ್ಖಾನೆಯ ಐಪಿಗೇ ಮರಳುತ್ತವೆ.

ಹೊಸ ಎನ್‌ಕೋಡರ್‌ನ ಒಳಹೊಗುವುದು ಹೀಗೆ. ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಕಾರ್ಖಾನೆಯ ಐಪಿ ಇರುತ್ತದೆ. ಅದು 192.168.1.168 ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್ಲನ್ನು ನೇರ ಎನ್‌ಕೋಡರ್‌ಗೆ ಚುಚ್ಚಿ, ಲ್ಯಾಪ್‌ಟಾಪ್‌ಗೆ ಕೈಯಾರೆ 192.168.1.20, ಮಾಸ್ಕ್ 255.255.255.0 ಕೊಡಿ, ಗೇಟ್‌ವೇ ಖಾಲಿ ಬಿಡಿ. ಬ್ರೌಸರ್‌ನಲ್ಲಿ ಎನ್‌ಕೋಡರ್ ಐಪಿ ಹೊಡೆದರೆ ಲಾಗಿನ್ ಪುಟ ಬರುತ್ತದೆ. ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಮೇಲಿನ ಐಪಿ, ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ನಾಲ್ಕನ್ನೂ ಒಟ್ಟಿಗೆ ತುಂಬಿ ಉಳಿಸಿ, ರೀಬೂಟ್ ಮಾಡಿ. ಉಳಿಸಿದ ಕೂಡಲೇ ಪುಟ ಸತ್ತುಹೋಗುತ್ತದೆ. ಅದು ಕೆಟ್ಟಿತೆಂದಲ್ಲ, ಎನ್‌ಕೋಡರ್ ಹೊಸ ಸಾಲಿಗೆ ಹೋಯಿತು, ಲ್ಯಾಪ್‌ಟಾಪ್ ಹಳೆಯದರಲ್ಲೇ ಉಳಿಯಿತು ಅಷ್ಟೆ. ಲ್ಯಾಪ್‌ಟಾಪ್ಪನ್ನೂ 77ರ ಸಾಲಿಗೆ ತಂದರೆ ಪುಟ ಮತ್ತೆ ತೆರೆಯುತ್ತದೆ. ಹೊಸ ಐಪಿಯನ್ನು ಪೆಟ್ಟಿಗೆಯ ಮೇಲೆ ಪೈಂಟ್ ಮಾರ್ಕರ್‌ನಿಂದ ಬರೆದಿಡಿ. ಪಾಸ್‌ವರ್ಡನ್ನು ಬರೆಯಬೇಡಿ, ಪೆಟ್ಟಿಗೆ ಇಡೀ ರಾತ್ರಿ ಜನರ ನಡುವೆ ಇರುತ್ತದೆ.

ಗೇಟ್‌ವೇ ತಪ್ಪಿದರೆ ಎನ್‌ಕೋಡರ್ ಪುಟ ಚೆನ್ನಾಗಿಯೇ ತೆರೆಯುತ್ತದೆ, ಪ್ರಿವ್ಯೂ ಕಾಣುತ್ತದೆ, ಸ್ಟ್ರೀಮ್ ಮಾತ್ರ ಕನೆಕ್ಟ್ ಆಗುವುದಿಲ್ಲ. ಎನ್‌ಕೋಡರ್‌ನಲ್ಲಿ ಪಿಂಗ್ ಮಾಡುವ ಸೌಲಭ್ಯವಿದ್ದರೆ 8.8.8.8ಕ್ಕೆ ಹೊಡೆದು ನೋಡಿ. ಉತ್ತರ ಬಾರದಿದ್ದರೆ ಗೇಟ್‌ವೇ ಅಥವಾ ಹೊರಗಿನ ಲೈನು. ಉತ್ತರ ಬಂದೂ ಯೂಟ್ಯೂಬ್ ಹೆಸರಿಗೆ ಬಾರದಿದ್ದರೆ ಡಿಎನ್‌ಎಸ್. ಎರಡಕ್ಕೂ ಬರುತ್ತದೆ, ಆದರೂ ಕನೆಕ್ಟ್ ಆಗದು ಎಂದಾದರೆ ಸ್ಟ್ರೀಮ್ ಕೀ (ಯೂಟ್ಯೂಬ್ ಕೊಡುವ ಗುಟ್ಟಿನ ಅಕ್ಷರಸಾಲು), ಪೋರ್ಟ್ ಅಥವಾ ಗಡಿಯಾರ.

ಗಡಿಯಾರ ಎಂದದ್ದು ತಮಾಷೆಗಲ್ಲ. ಅಗ್ಗದ ಎನ್‌ಕೋಡರ್‌ಗಳ ಒಳಗೆ ಗಡಿಯಾರದ ಬ್ಯಾಟರಿ ಇರುವುದಿಲ್ಲ, ಕರೆಂಟು ಹೋಗಿ ಬಂದರೆ 1970ನೇ ಇಸವಿಗೆ ಹೋಗಿ ಕೂರುತ್ತವೆ. ಸ್ಟ್ರೀಮ್ ಕಳಿಸುವ ಸಾದಾ ವಿಧಾನವಾದ ಆರ್‌ಟಿಎಂಪಿಗೆ ಅದರಿಂದ ತೊಂದರೆಯಿಲ್ಲ. ಅದರ ಸುರಕ್ಷಿತ ರೂಪವಾದ ಆರ್‌ಟಿಎಂಪಿಎಸ್ ಆದರೆ ಸರ್ವರ್‌ನ ಪ್ರಮಾಣಪತ್ರದ ತಾರೀಕು ನೋಡುತ್ತದೆ. 1970ರಲ್ಲಿ ಕೂತವನಿಗೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ಸಂಪರ್ಕ ನಿರಾಕರಿಸುತ್ತದೆ. ಇಂಟರ್‌ನೆಟ್‌ನಿಂದ ಸಮಯ ತರಿಸುವ ಎನ್‌ಟಿಪಿ ಚಾಲೂ ಮಾಡಿ ಸರ್ವರ್ ಹೆಸರು ತುಂಬಿಡಿ, ಯುಡಿಪಿ 123ನೇ ಪೋರ್ಟ್ ಹೊರಗೆ ತೆರೆದಿರಲಿ. ಕೆಲವು ಎನ್‌ಕೋಡರ್‌ಗಳಲ್ಲಿ ನಮ್ಮ ಐದೂವರೆ ಗಂಟೆಯ ವ್ಯತ್ಯಾಸ ಹಾಕಲು ಜಾಗವೇ ಇಲ್ಲ, ಐದು ಅಥವಾ ಆರು ಮಾತ್ರ. ಪ್ರಮಾಣಪತ್ರದ ಲೆಕ್ಕಕ್ಕೆ ಅದು ಮುಖ್ಯವಲ್ಲ, ಪರದೆಯ ಮೇಲೆ ಸಮಯ ತೋರಿಸುವವರಿಗೆ ಮಾತ್ರ ಕಿರಿಕಿರಿ.

ಫೇಸ್‌ಬುಕ್‌ಗೆ ಆರ್‌ಟಿಎಂಪಿಎಸ್ ಕಡ್ಡಾಯ. ಯೂಟ್ಯೂಬ್ ಎರಡನ್ನೂ ತೆಗೆದುಕೊಳ್ಳುತ್ತದೆ. ಸಾದಾ ಆರ್‌ಟಿಎಂಪಿ ಹೋಗುವುದು ಟಿಸಿಪಿ 1935ನೇ ಪೋರ್ಟ್‌ನಲ್ಲಿ. ಕಾಲೇಜು ಸಭಾಂಗಣ, ಕಂಪನಿ ಹಾಲ್‌ಗಳ ಫೈರ್‌ವಾಲ್ ಅದನ್ನು ಮುಚ್ಚಿರುವುದೇ ಜಾಸ್ತಿ. ಆರ್‌ಟಿಎಂಪಿಎಸ್ 443ರಲ್ಲಿ ಹೋಗುವುದರಿಂದ ಬ್ರೌಸರ್ ಓಡುವ ಕಡೆಯೆಲ್ಲ ಸಾಮಾನ್ಯವಾಗಿ ಇದೂ ಓಡುತ್ತದೆ. ಕೀ ಅಂಟಿಸುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡರೂ ಸಂಪರ್ಕ ಸಿಗದು. ವಾಟ್ಸಾಪ್‌ನಿಂದ ನಕಲು ಮಾಡಿದ ಕೀಯಲ್ಲಿ ಇದು ಪದೇ ಪದೇ ಆಗುತ್ತದೆ.

ಇನ್ನು ಬಿಟ್‌ರೇಟ್. ಸ್ಪೀಡ್ ಟೆಸ್ಟ್ ತೋರಿಸುವ ಅಪ್‌ಲೋಡ್ ಅಂಕಿಯನ್ನು ನಂಬಿ ಹೊರಡಬೇಡಿ. ಅದು ಏಕಕಾಲಕ್ಕೆ ಹಲವು ಸಂಪರ್ಕ ತೆರೆದು ಕೆಲವೇ ಸೆಕೆಂಡು ಅಳೆದ ಅಂಕಿ. ಆರ್‌ಟಿಎಂಪಿ ಒಂದೇ ಟಿಸಿಪಿ ಸಂಪರ್ಕ, ಅದು ಗಂಟೆಗಟ್ಟಲೆ ಏಕಸಮನೆ ಹರಿಯಬೇಕು. ವಿಡಿಯೋಗೆ ಅಪ್‌ಲೋಡ್‌ನ ಅರ್ಧಕ್ಕಿಂತ ಹೆಚ್ಚು ನಾನು ಬಳಸುವುದಿಲ್ಲ. ಸ್ಥಿರವಾಗಿ 8 ಎಂಬಿಪಿಎಸ್ ಸಿಕ್ಕರೆ 1080ಪಿ, 25 ಫ್ರೇಮ್, 4000 ಕೆಬಿಪಿಎಸ್ ವಿಡಿಯೋ, 128 ಕೆಬಿಪಿಎಸ್ ಆಡಿಯೋ. 5 ಎಂಬಿಪಿಎಸ್ ಸಿಕ್ಕರೆ 720ಪಿ, 2500. ಕೀಫ್ರೇಮ್ (ಪೂರ್ತಿ ಚಿತ್ರವಿರುವ ಫ್ರೇಮ್) ಅಂತರ ಎರಡು ಸೆಕೆಂಡು, ಅಂದರೆ 25 ಫ್ರೇಮ್‌ಗೆ ಜಿಒಪಿ 50. ಯೂಟ್ಯೂಬ್ ಕೇಳುವುದೂ ಅದನ್ನೇ, ನಾಲ್ಕು ಸೆಕೆಂಡು ಮೀರಬಾರದು.

ಬಿಟ್‌ರೇಟ್ ಸಿಬಿಆರ್ (ಸದಾ ಒಂದೇ ಸಮ) ಇರಲಿ. ವಿಬಿಆರ್ (ಚಿತ್ರಕ್ಕೆ ತಕ್ಕಂತೆ ಏರಿಳಿಯುವುದು) ಇಟ್ಟರೆ ಏನಾಗುತ್ತದೆಂದು ದೇವಿ ಮಹಾತ್ಮೆ ಪ್ರಸಂಗದ ದಿನ ನೋಡಬೇಕು. ಭಾಗವತರ ಪದ, ನಿಧಾನದ ಕುಣಿತ ಇರುವಷ್ಟು ಹೊತ್ತೂ 2000ದ ಆಸುಪಾಸಿನಲ್ಲಿ ಹಾಯಾಗಿ ಓಡುತ್ತಿರುತ್ತದೆ. ಮಹಿಷಾಸುರ ಜನರ ನಡುವಿನಿಂದ ದೊಂದಿ ಹಿಡಿದು ಬರುತ್ತಾನೆ, ರಾಳ ಎರಚಿದಂತೆ ಬೆಂಕಿ ಏಳುತ್ತದೆ, ಹೊಗೆ, ಏಳುವ ಜನ, ಅಲ್ಲಾಡುವ ಕ್ಯಾಮೆರಾ. ಫ್ರೇಮಿನಿಂದ ಫ್ರೇಮಿಗೆ ಯಾವುದೂ ಒಂದೇ ತರ ಇಲ್ಲದ್ದರಿಂದ ಬಿಟ್‌ರೇಟ್ ಎಲ್ಲಿಗೋ ಜಿಗಿಯುತ್ತದೆ. ಮೈದಾನದಲ್ಲಿರುವ ಎಲ್ಲರೂ ಮೊಬೈಲ್ ಎತ್ತಿ ಸ್ಟೇಟಸ್‌ಗೆ ಹಾಕತೊಡಗುವುದೂ ಅದೇ ನಿಮಿಷದಲ್ಲಿ. ಲೈನು ಕಿರಿದಾಗುವಾಗಲೇ ಹೊರೆ ದೊಡ್ಡದಾಗುತ್ತದೆ. ಮುಂಬಯಿ, ದುಬೈಯಲ್ಲಿ ಕೂತು ನೋಡುವವರು ಆ ಪ್ರವೇಶಕ್ಕೆಂದೇ ಎದ್ದಿರುತ್ತಾರೆ, ಅವರಿಗೆ ಕಾಣುವುದು ತಿರುಗುವ ಚಕ್ರ. ಸಿಬಿಆರ್‌ನಲ್ಲಿ ಬೆಂಕಿ ಸ್ವಲ್ಪ ಚೌಕ ಚೌಕವಾಗಿ ಕಂಡೀತು, ಪ್ರಸಾರ ನಿಲ್ಲದು.

ಇದೇ ಕಾರಣಕ್ಕೆ ಮಧ್ಯಾಹ್ನ ಖಾಲಿ ಗದ್ದೆಯಲ್ಲಿ ನಿಂತು ಸಿಮ್ ಪರೀಕ್ಷಿಸುವುದು ಪ್ರಯೋಜನವಿಲ್ಲದ ಕೆಲಸ. ಟವರ್ ಒಂದೇ, ಜನ ಬಂದ ಮೇಲೆ ಪಾಲುದಾರರು ಸಾವಿರ. 4ಜಿ ರೂಟರ್‌ನ ಪುಟದಲ್ಲಿ ಕಡ್ಡಿಗಳನ್ನು ಬಿಟ್ಟು ಆರ್‌ಎಸ್‌ಆರ್‌ಪಿ (ಸಿಗ್ನಲ್‌ನ ಬಲ) ಮತ್ತು ಎಸ್‌ಐಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು) ನೋಡಿ. ಮೊದಲನೆಯದು ಮೈನಸ್ 90ರ ಆಸುಪಾಸಿದ್ದರೆ ಚೆನ್ನ, ಮೈನಸ್ 110 ಮುಟ್ಟಿದರೆ ಜಾಗ ಬದಲಿಸಿ. ಎರಡನೆಯದು 10ರ ಮೇಲಿರಲಿ. ರೂಟರ್ ಬ್ಯಾಂಡ್ ಆರಿಸಲು ಬಿಟ್ಟರೆ ಬ್ಯಾಂಡ್ 40 ಬಿಟ್ಟು ಬ್ಯಾಂಡ್ 3 ಹಿಡಿದು ನೋಡಿ. 40 ಟಿಡಿಡಿ ಬ್ಯಾಂಡ್, ಇಳಿಕೆ ಏರಿಕೆ ಎರಡೂ ಒಂದೇ ಚಾನೆಲ್ಲನ್ನು ಹೊತ್ತು ಹಂಚಿಕೊಂಡು ಬಳಸುತ್ತವೆ, ಹೆಚ್ಚು ಹೊತ್ತು ಡೌನ್‌ಲೋಡ್‌ಗೇ ಹೋಗುತ್ತದೆ. ಸ್ಪೀಡ್ ಟೆಸ್ಟ್‌ನಲ್ಲಿ 40 ಗೆದ್ದಂತೆ ಕಂಡರೂ ನಮಗೆ ಬೇಕಾದದ್ದು ಅಪ್‌ಲೋಡ್.

ಡೇಟಾ ಲೆಕ್ಕವನ್ನೂ ಹೊರಡುವ ಮೊದಲೇ ಮಾಡಿ. 4128 ಕೆಬಿಪಿಎಸ್ ಎಂದರೆ ಗಂಟೆಗೆ ಸುಮಾರು 1.9 ಜಿಬಿ. ದಿನಕ್ಕೆ 2 ಜಿಬಿಯ ಪ್ಯಾಕ್ ಒಡ್ಡೋಲಗ ಮುಗಿಯುವಷ್ಟರಲ್ಲಿ ಬರಿದಾಗುತ್ತದೆ, ಆಮೇಲೆ ಸಿಗುವುದು 64 ಕೆಬಿಪಿಎಸ್. ಅದರಲ್ಲಿ ಚೆಂಡೆಯ ಸದ್ದೂ ಹೋಗದು. 2500ರಲ್ಲಿ ಓಡಿಸಿದರೂ ಎಂಟು ಗಂಟೆಗೆ 10 ಜಿಬಿ ಹತ್ತಿರ ಬೇಕು. ಪೂರ್ತಿ ರಾತ್ರಿಯ ಆಟಕ್ಕೆ ದಿನಮಿತಿ ಇಲ್ಲದ ಡೇಟಾ ಪ್ಯಾಕ್ ಹಾಕಿಸಿಕೊಳ್ಳಿ. ಕಾಲಮಿತಿಯ ಆಟವಾದರೆ ಅಷ್ಟು ತಲೆಬಿಸಿ ಇಲ್ಲ.

ಎರಡು ಸಿಮ್ ಹಾಕುವ ರೂಟರ್ ತಂದು 5 ಮತ್ತು 5 ಸೇರಿ 10 ಎಂಬಿಪಿಎಸ್ ಆಯಿತೆಂದು ತಿಳಿಯುವವರು ತುಂಬಾ ಜನ. ಲೋಡ್ ಬ್ಯಾಲೆನ್ಸ್ ಮಾಡುವ ರೂಟರ್ ಬೇರೆ ಬೇರೆ ಸಂಪರ್ಕಗಳನ್ನು ಬೇರೆ ಬೇರೆ ಲೈನಿಗೆ ಹಂಚುತ್ತದೆ. ನಮ್ಮ ಆರ್‌ಟಿಎಂಪಿ ಒಂದೇ ಸಂಪರ್ಕ, ಹೋಗುವುದು ಒಂದೇ ಲೈನಿನಲ್ಲಿ. ಎರಡನೆಯದು ಮೊದಲನೆಯದು ಸತ್ತಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಆಗಲೂ ಹೊರಗಿನ ಐಪಿ ಬದಲಾಗಿ ಹಳೆ ಸಂಪರ್ಕ ಮುರಿಯುತ್ತದೆ, ಎನ್‌ಕೋಡರ್ ಅದನ್ನು ಗಮನಿಸಿ ಮತ್ತೆ ಕಟ್ಟಬೇಕು. ಆದ್ದರಿಂದ ಮರುಸಂಪರ್ಕದ ಆಯ್ಕೆ ಚಾಲೂ ಇರಲಿ, ಕಾಯುವ ಹೊತ್ತು 5 ಸೆಕೆಂಡು ಸಾಕು. ನಿಜವಾಗಿ ಲೈನುಗಳನ್ನು ಕೂಡಿಸಬೇಕೆಂದರೆ ಬಾಂಡಿಂಗ್ ಬೇಕು, ಆಚೆ ತುದಿಯಲ್ಲಿ ಅದನ್ನು ಜೋಡಿಸುವ ಸರ್ವರ್ ಬೇಕು. ಖರ್ಚಿನ ಬಾಬತ್ತು.

ಮೊಬೈಲ್ ಲೈನು ಒಂದೇ ಗತಿ ಎಂಬಲ್ಲಿ ನಾನು ಸ್ಟ್ರೀಮ್ ಕಳಿಸುವ ಇನ್ನೊಂದು ವಿಧಾನವಾದ ಎಸ್‌ಆರ್‌ಟಿಗೆ ಹೋಗುತ್ತೇನೆ. ಮುಂಬಯಿಯ ಕ್ಲೌಡ್‌ನಲ್ಲಿ ಒಂದು ಸಣ್ಣ ಸರ್ವರ್ ಇಟ್ಟು ಅಲ್ಲಿಗೆ ಎಸ್‌ಆರ್‌ಟಿಯಲ್ಲಿ ಕಳಿಸಿ, ಅಲ್ಲಿಂದ ಯೂಟ್ಯೂಬ್, ಫೇಸ್‌ಬುಕ್ ಎರಡಕ್ಕೂ ಹಂಚುವುದು. ಇದರಿಂದ ಆಟದ ಜಾಗದಿಂದ ಒಂದೇ ಪ್ರತಿ ಹೊರಟರೆ ಸಾಕು. ಎನ್‌ಕೋಡರ್‌ನಿಂದಲೇ ಎರಡು ಕಡೆ ಕಳಿಸಿದರೆ ಅಪ್‌ಲೋಡ್ ಎರಡು ಪಟ್ಟು ಬೇಕು. ಎನ್‌ಕೋಡರ್ ಕಾಲರ್ (ಕರೆ ಮಾಡುವ ಕಡೆ), ಸರ್ವರ್ ಲಿಸನರ್ (ಕರೆಗೆ ಕಾಯುವ ಕಡೆ) ಆಗಿರಬೇಕು. ಉಲ್ಟಾ ಇಟ್ಟರೆ ಸಿಮ್ ಲೈನಿನಲ್ಲಿ ನಡೆಯುವುದೇ ಇಲ್ಲ. ರೂಟರ್‌ನ ವ್ಯಾನ್ ಐಪಿ 100.64ರಿಂದ 100.127ರ ನಡುವೆ ಇದ್ದರೆ ಒಂದೇ ಹೊರಗಿನ ಐಪಿಯನ್ನು ಹಲವರಿಗೆ ಹಂಚುವ ಕಂಪನಿಯವರ ಸಿಜಿನ್ಯಾಟ್ ಹಿಂದೆ ಇದ್ದೀರಿ ಎಂದರ್ಥ. ಹೊರಗಿನಿಂದ ನಿಮ್ಮ ಕದ ತಟ್ಟಲು ಯಾರಿಗೂ ಆಗದು, ಪೋರ್ಟ್ ಫಾರ್ವರ್ಡ್ ಮಾಡಿ ಕೂತರೂ ಆಗದು.

ಎಸ್‌ಆರ್‌ಟಿಯ ಲೇಟೆನ್ಸಿ ತಾನಾಗಿ 120 ಮಿಲಿಸೆಕೆಂಡು ಇರುತ್ತದೆ, ನಮಗೆ ಅದು ತೀರಾ ಕಡಿಮೆ. ಕಳೆದುಹೋದ ಪ್ಯಾಕೆಟ್ ಮತ್ತೆ ಕೇಳಿ ತರಿಸಲು ಸಿಗುವ ಸಮಯವೇ ಅದು. ಹೋಗಿಬರುವ ಸಮಯದ, ಅಂದರೆ ಆರ್‌ಟಿಟಿಯ, ನಾಲ್ಕು ಪಟ್ಟು ಇಡಬೇಕೆನ್ನುವುದು ರೂಢಿ. ಸಿಮ್ ಲೈನಿನಲ್ಲಿ ಆರ್‌ಟಿಟಿ 60 ಇದ್ದದ್ದು ಇದ್ದಕ್ಕಿದ್ದಂತೆ 300 ಆಗುತ್ತದೆ, ಹಾಗಾಗಿ ನಾನು 1500 ಇಡುತ್ತೇನೆ. ಯೂಟ್ಯೂಬ್ ಹೇಗೂ ಹಲವು ಸೆಕೆಂಡು ತಡಮಾಡುತ್ತದೆ, ಇನ್ನೊಂದೂವರೆ ಸೆಕೆಂಡು ಯಾರಿಗೂ ಗೊತ್ತಾಗದು. ಎರಡೂ ತುದಿಯಲ್ಲಿ ಬೇರೆ ಅಂಕಿ ಇದ್ದರೆ ದೊಡ್ಡದೇ ಜಾರಿಗೆ ಬರುತ್ತದೆ. ಮರುಕಳಿಸಲು ಬಿಟ್‌ರೇಟ್‌ನ ಮೇಲೆ 25 ಶೇಕಡಾ ಜಾಗ ಬಿಡಿ. ಪಾಸ್‌ಫ್ರೇಸ್ 10 ಅಕ್ಷರಕ್ಕಿಂತ ಕಡಿಮೆ ಕೊಟ್ಟರೆ ಒಪ್ಪುವುದಿಲ್ಲ.

ಫೈಬರ್ ಲೈನು ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಬಗೆ) ಆಗಿದ್ದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1492 ಬೈಟ್. ಎಲ್ಲೋ ನಡುವೆ ಅದು 1500 ಎಂದೇ ಕೂತಿದ್ದರೆ ವಿಚಿತ್ರ ಲಕ್ಷಣ ಕಾಣುತ್ತದೆ: ಪಿಂಗ್ ಸರಿ, ಸಂಪರ್ಕವೂ ಆಗುತ್ತದೆ, ಚಿತ್ರ ಮಾತ್ರ ಹೋಗುವುದಿಲ್ಲ. ಸಣ್ಣ ಪ್ಯಾಕೆಟ್ ದಾಟುತ್ತದೆ, ತುಂಬಿದ ಪ್ಯಾಕೆಟ್ ಬಿದ್ದುಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಪ್ಯಾಕೆಟ್ ಒಡೆಯಬಾರದೆಂಬ ಆಯ್ಕೆ ಹಾಕಿ 1472 ಬೈಟ್‌ನ ಪಿಂಗ್ ಹೊಡೆಯಿರಿ. ಅದು ದಾಟದೆ 1464 ದಾಟಿದರೆ ಎಂಟಿಯು 1492 ಎಂದು ಖಾತ್ರಿ, ಹೆಡರ್‌ನ 28 ಬೈಟ್ ಸೇರಿದರೆ ಲೆಕ್ಕ ಸರಿಹೋಗುತ್ತದೆ. ರೂಟರ್‌ನಲ್ಲಿ ಆ ಅಂಕಿ ತುಂಬಿ.

ಎನ್‌ಕೋಡರ್‌ನಲ್ಲಿ ಮಲ್ಟಿಕಾಸ್ಟ್ ಔಟ್‌ಪುಟ್ (ಒಂದೇ ಸ್ಟ್ರೀಮನ್ನು ನೆಟ್‌ವರ್ಕ್‌ನ ಹಲವರಿಗೆ ಒಟ್ಟಿಗೆ ಕಳಿಸುವುದು) ಇದೆಯೇ ನೋಡಿ, ಇದ್ದರೆ ಆಫ್ ಮಾಡಿ. 239ರಿಂದ ಶುರುವಾಗುವ ವಿಳಾಸ ಹಾಕಿ ಕಾರ್ಖಾನೆಯಿಂದಲೇ ಚಾಲೂ ಮಾಡಿ ಕಳಿಸಿರುವ ಪೆಟ್ಟಿಗೆಗಳಿವೆ. ಸಾದಾ ಸ್ವಿಚ್ ಅದನ್ನು ಎಲ್ಲ ಪೋರ್ಟಿಗೂ ಹರಿಸುತ್ತದೆ, ರೂಟರ್‌ನ ವೈಫೈ ಅದನ್ನು ತನ್ನ ಅತಿ ನಿಧಾನದ ದರದಲ್ಲಿ ಸಾರುತ್ತಾ ಉಸಿರುಗಟ್ಟುತ್ತದೆ. ಹಾಗೆಯೇ ಕೇಬಲ್ಲಿನ ಎರಡೂ ತುದಿಯಲ್ಲಿ ಪೋರ್ಟ್ ವೇಗ ಆಟೋ ಇರಲಿ. ಒಂದು ಕಡೆ 100 ಫುಲ್ ಎಂದು ಕಟ್ಟಿ ಇನ್ನೊಂದು ಕಡೆ ಆಟೋ ಬಿಟ್ಟರೆ ಆ ತುದಿ ಹಾಫ್ ಡ್ಯುಪ್ಲೆಕ್ಸ್‌ಗೆ (ಒಮ್ಮೆಗೆ ಒಂದೇ ದಿಕ್ಕಿನ ಸಂಚಾರಕ್ಕೆ) ಇಳಿದು ಹೊರೆ ಏರಿದಾಗ ಪ್ಯಾಕೆಟ್ ಚೆಲ್ಲುತ್ತದೆ. ಕಚೇರಿಯಿಂದ ರಂಗಸ್ಥಳಕ್ಕೆ ಎಳೆಯುವ ಕೇಬಲ್ 100 ಮೀಟರ್ ದಾಟಬಾರದು. ಅಪ್ಪಟ ತಾಮ್ರದ್ದೇ ಕೇಳಿ ತನ್ನಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಎಳೆದು ಸುತ್ತುವುದರಲ್ಲೇ ಒಳಗೆ ಮುರಿಯುತ್ತದೆ.

ಸಭಾಭವನದ ವೈಫೈ ಲಾಗಿನ್ ಪುಟ ಕೇಳಿದರೆ ಎನ್‌ಕೋಡರ್ ಅದನ್ನು ದಾಟದು. ರೂಟರ್‌ನ ಹೊರಗಡೆಯನ್ನು ಆ ವೈಫೈಗೆ ಸೇರಿಸಿ, ಲ್ಯಾಪ್‌ಟಾಪ್ಪನ್ನು ರೂಟರ್‌ಗೆ ಜೋಡಿಸಿ ಬ್ರೌಸರ್‌ನಲ್ಲಿ ಲಾಗಿನ್ ಮುಗಿಸಿ. ಆಚೆಗೆ ಕಾಣುವುದು ರೂಟರ್ ಒಂದೇ, ಆದ್ದರಿಂದ ಒಳಗಿರುವ ಎನ್‌ಕೋಡರ್‌ಗೂ ದಾರಿ ಸಿಗುತ್ತದೆ. ಲಾಗಿನ್‌ಗೆ ಅವಧಿ ಇದೆಯೇ ಎಂದು ಭವನದವರನ್ನು ಕೇಳಿಕೊಳ್ಳಿ.

ಯೂಟ್ಯೂಬ್‌ನ ಕಂಟ್ರೋಲ್ ರೂಮ್‌ನಲ್ಲಿ ಆಟೋ ಸ್ಟಾಪ್ ಆಫ್ ಮಾಡಿ. ಇಲ್ಲದಿದ್ದರೆ ಲೈನು ಸ್ವಲ್ಪ ಹೊತ್ತು ಕಡಿದರೂ ಕಾರ್ಯಕ್ರಮ ಮುಗಿಯಿತೆಂದು ಮುಚ್ಚಿಬಿಡುತ್ತದೆ, ಎನ್‌ಕೋಡರ್ ಮರಳಿ ಬಂದಾಗ ಹಳೆ ಲಿಂಕ್ ಸತ್ತಿರುತ್ತದೆ. ಚೌಕಿ ಪೂಜೆಯಿಂದ ಹಿಡಿದು ಬೆಳಗಿನ ಮಂಗಳದವರೆಗೆ ಒಂದೇ ಲಿಂಕಿನಲ್ಲಿ ಓಡಿಸುವುದಾದರೆ ಒಟ್ಟು ಹೊತ್ತು 12 ಗಂಟೆ ದಾಟದಂತೆ ನೋಡಿಕೊಳ್ಳಿ, ಅದಕ್ಕಿಂತ ಉದ್ದದ ಪ್ರಸಾರವನ್ನು ಯೂಟ್ಯೂಬ್ ಪೂರ್ತಿಯಾಗಿ ಉಳಿಸಿಕೊಳ್ಳುವ ಭರವಸೆಯಿಲ್ಲ. ಎನ್‌ಕೋಡರ್‌ನ ಯುಎಸ್‌ಬಿಗೆ ಒಂದು ಪೆನ್‌ಡ್ರೈವ್ ಹಾಕಿ ಅಲ್ಲೂ ರೆಕಾರ್ಡ್ ಮಾಡಿಸಿ. ಆದರೆ ಅದನ್ನು ಎಫ್‌ಎಟಿ32ರಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಒಂದು ಫೈಲು 4 ಜಿಬಿ ಮೀರದು, ಹಾಗಾಗಿ ಅರ್ಧ ಗಂಟೆಗೊಂದರಂತೆ ಫೈಲು ತುಂಡಾಗುವ ಹಾಗೆ ಹೊಂದಿಸಿ.