ಕಾರಿನ ಹಿಂದೆ ಕ್ಯಾರವಾನ್ ಓಲಾಡೋಕೆ ಶುರು ಮಾಡಿದ್ರೆ

ಮೊದ್ಲು ಅರ್ಜೆಂಟ್ ವಿಷ್ಯ ಹೇಳ್ಬಿಡ್ತೀನಿ. ಕಾರಿನ ಹಿಂದೆ ಕಟ್ಟಿದ ಟ್ರೇಲರ್ (ಕ್ಯಾರವಾನ್, ಅಂದ್ರೆ ಎಳ್ಕೊಂಡು ಹೋಗೋ ಚಕ್ರದ ಮನೆನೂ ಒಂದು ಟ್ರೇಲರ್ರೇ) ಎಡಕ್ಕೆ ಬಲಕ್ಕೆ ತೂಗಾಡೋಕೆ ಶುರು ಆಯ್ತು ಅಂದ್ರೆ ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ, ಸ್ಟೇರಿಂಗ್ ನೆಟ್ಟಗೆ ಗಟ್ಟಿ ಹಿಡ್ಕೊಳ್ಳಿ, ಕಾರಿನ ಬ್ರೇಕ್ ಜೋರಾಗಿ ಒತ್ಲೇಬೇಡಿ. ಕಾರು ತಟ್ಟಂತ ನಿಧಾನ ಆದ್ರೆ ಹಿಂದಿನ ಭಾರ ಎಲ್ಲಾ ಬಂದು ಕಾರನ್ನ ತಳ್ಳತ್ತೆ, ಎರಡೂ ಅಡ್ಡ ಮಡಚ್ಕೊಂಡು ನಿಲ್ಲೋದು ಆಗ್ಲೇ. ಸ್ಟೇರಿಂಗ್ ತಿರುಗ್ಸಿ ಸರಿ ಮಾಡ್ತೀನಿ ಅಂತ ಹೋದ್ರೂ ಕಷ್ಟ, ನೀವು ಎಡಕ್ಕೆ ತಿರುಗ್ಸೋ ಹೊತ್ತಿಗೆ ಅದು ಆಗ್ಲೇ ಇನ್ನೊಂದು ಕಡೆ ಹೊರಟಿರತ್ತೆ. ಟ್ರೇಲರ್‌ಗೆ ಬೇರೆ ಎಲೆಕ್ಟ್ರಿಕ್ ಬ್ರೇಕ್ ಇದ್ರೆ ಡ್ಯಾಶ್‌ಬೋರ್ಡ್ ಕಂಟ್ರೋಲರ್‌ನಿಂದ ಅದನ್ನ ಮಾತ್ರ ಮೆತ್ತಗೆ ಹಾಕಿ, ಟ್ರೇಲರ್ ಹಿಂದಕ್ಕೆ ಜಗ್ಗಿ ತಾನೇ ನೆಟ್ಟಗಾಗತ್ತೆ. ಸ್ಪೀಡ್ ಏರ್ಸಿ ಎಳ್ದ್ರೆ ಸರಿಹೋಗತ್ತೆ ಅನ್ನೋರ ಮಾತು ನಂಬ್ಬೇಡಿ ಮಾರಾಯ್ರೆ.

ಆದ್ರೆ ಟ್ರೇಲರ್ ಓಲಾಡತ್ತೋ ಇಲ್ವೋ ಅನ್ನೋದು ಮುಕ್ಕಾಲು ಪಾಲು ರಸ್ತೇಲಿ ಅಲ್ಲ, ಮನೆ ಅಂಗಳದಲ್ಲಿ ಸಾಮಾನು ತುಂಬುವಾಗ್ಲೇ ತೀರ್ಮಾನ ಆಗಿರತ್ತೆ. ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಹಿಚ್ ಮೇಲೆ, ಅಂದ್ರೆ ಕಾರಿಗೆ ಟ್ರೇಲರ್ ಕಟ್ಟೋ ಕೊಂಡಿ ಮೇಲೆ ಕೂರಬೇಕು, 1000 ಕೆಜಿ ಟ್ರೇಲರ್ ಆದ್ರೆ 100ರಿಂದ 150 ಕೆಜಿ, ನಿಮ್ಮ ಕಾರಿನ ಹಿಚ್‌ಗೆ ಅಷ್ಟು ತಾಕತ್ತು ಇದ್ಯಾ ಅಂತಾನೂ ನೋಡ್ಕೊಳ್ಳಿ. ಕಮ್ಮಿ ಆದ್ರೆ ಓಲಾಟ, ಜಾಸ್ತಿ ಆದ್ರೆ ಕಾರಿನ ಹಿಂಭಾಗ ಕುಸ್ದು ಮುಂದಿನ ಚಕ್ರದ ಹಿಡಿತ ಹೋಗತ್ತೆ. ಲಾರಿ ತೂಗೋ ವೇಬ್ರಿಜ್‌ಗೆ ತಗೊಂಡು ಹೋಗಿ, ಬರೀ ಟ್ರೇಲರ್ ಬಿಚ್ಚಿಟ್ಟು ಒಮ್ಮೆ ತೂಗ್ಸಿ, ಆಮೇಲೆ ಕಾರಿಗೆ ಕಟ್ಟಿ ಟ್ರೇಲರ್ ಚಕ್ರ ಮಾತ್ರ ಹಲಗೆ ಮೇಲೆ ನಿಲ್ಸಿ ತೂಗ್ಸಿ, ಎರಡರ ವ್ಯತ್ಯಾಸಾನೇ ಹಿಚ್ ಮೇಲಿನ ಭಾರ. ಶಿರಸಿ ಮನೆಯಿಂದ ಹೊರಡುವಾಗ ಕೊನೇ ಗಳಿಗೇಲಿ ಒಂದು ಚೀಲ ತೆಂಗಿನಕಾಯಿ, ಎರಡು ಡಬ್ಬ ಜೋನಿ ಬೆಲ್ಲ ಬಂದೇ ಬರತ್ತೆ, ಬೇಡ ಅನ್ನೋಕೂ ಆಗಲ್ಲ, ಅದು ಹೋಗಿ ಕೂರೋದು ಹಿಂದಿನ ಬಾಗಿಲ ಹತ್ರ, ಲೆಕ್ಕ ಎಲ್ಲಾ ಅಲ್ಲಿಗೇ ಕೆಡ್ತು. ಭಾರದ್ದನ್ನ ಆಕ್ಸಲ್‌ಗಿಂತ (ಚಕ್ರದ ಅಚ್ಚು) ಸ್ವಲ್ಪ ಮುಂದೆ, ತಳಕ್ಕೆ ಇಡಿ. ಟ್ಯಾಂಕಿನ 100 ಲೀಟರ್ ನೀರೂ 100 ಕೆಜಿನೇ, ಟ್ಯಾಂಕ್ ಹಿಂದೆ ಇದ್ರೆ ಖಾಲಿ ಮಾಡ್ಕೊಂಡು ಹೊರಡಿ.

ಟೈರ್ ಗಾಳಿ ತಣ್ಣಗಿದ್ದಾಗ್ಲೇ ನೋಡ್ಬೇಕು.

ಇನ್ನು ನಮ್ಮ ಉತ್ತರ ಕನ್ನಡದ ಕಡೆ ರಸ್ತೆ. ಬಿಣಗಾ ಕಡೆಯಿಂದ ಕಾರವಾರ ಟನಲ್ ದಾಟಿ ಹೊರಗೆ ಬಂದ್ರೆ ಎಡಕ್ಕೇ ಸಮುದ್ರ, ಅಲ್ಲಿವರೆಗೆ ಗಾಳಿ ಇಲ್ಲದೆ ಬಂದ ಗಾಡಿಗೆ ಒಮ್ಮೆಲೇ ಅಡ್ಡ ಗಾಳಿ ಹೊಡ್ಯತ್ತೆ, ಕಾಳಿ ಸೇತುವೆ ಮೇಲೂ ಅಷ್ಟೇ, ಅದಕ್ಕೆ ಮೊದ್ಲೇ ಸ್ಪೀಡ್ ಇಳ್ಸಿ. ದೊಡ್ಡ ಬಸ್ ಓವರ್‌ಟೇಕ್ ಮಾಡುವಾಗ ಅದರ ಗಾಳಿ ಮೊದ್ಲು ತಳ್ಳಿ ಆಮೇಲೆ ಒಳಗೆ ಎಳ್ಯತ್ತೆ, ಕನ್ನಡೀಲಿ ಕಂಡ ಕೂಡ್ಲೇ ಎಡಕ್ಕೆ ಜಾಗ ಬಿಡಿ. ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಾಟ್ ಇಳಿಯುವಾಗ ಮೇಲಿಂದ್ಲೇ ಸಣ್ಣ ಗೇರ್ ಹಾಕ್ಕೊಳ್ಳಿ.

ಓಲಾಟ ತಡೆಯೋಕೆ ಕಾರಿಗೂ ಟ್ರೇಲರ್‌ಗೂ ನಡುವೆ ಹಾಕೋ ಸ್ವೇ ಬಾರ್ ಒಳ್ಳೇದೇ, ಆದ್ರೆ ತಪ್ಪಾಗಿ ತುಂಬಿದ ಲೋಡ್‌ನ ಅದು ಸರಿ ಮಾಡಲ್ಲ. ಉಜ್ಜಿ ಹಿಡಿಯೋ ಫ್ರಿಕ್ಷನ್ ಥರದ್ದಾದ್ರೆ ಜಾರೋ ರಸ್ತೇಲಿ ಸಡಿಲ ಮಾಡಿ ಅಂತ ಅದರ ಪುಸ್ತಕದಲ್ಲೇ ಬರ್ದಿರತ್ತೆ ಸಾಮಾನ್ಯವಾಗಿ, ಅಂದ್ರೆ ನಮ್ಮ ಜೂನ್ ಜುಲೈ ಮಳೇಲಿ ಅದನ್ನ ನಂಬ್ಕೊಂಡು ಹೊರಡೋ ಹಾಗಿಲ್ಲ.