ಕೊನೆಗಾರರ ಕೈಯಲ್ಲಿ ಕಂಡ ರಕ್ತ ಪರಿಚಲನೆ

ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಹತ್ತನೇ ತರಗತಿಯ ಮಕ್ಕಳು ಹೃದಯದ ಚಿತ್ರವನ್ನು ಅಚ್ಚುಕಟ್ಟಾಗಿ ಬರೆಯುತ್ತಾರೆ. ಆದರೆ ‘ರಕ್ತ ಸುತ್ತಿ ವಾಪಸ್ ಬರುತ್ತದೆ ಅಂತ ಹೇಗೆ ಗೊತ್ತಾಯ್ತು?’ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಅದಕ್ಕೇ ನಾನು ಪಾಠವನ್ನು ಕೈಯಿಂದ ಶುರು ಮಾಡುತ್ತೇನೆ.

ಒಂದು ಸಲ ವಿದ್ಯಾರ್ಥಿಯೊಬ್ಬನ ಅಪ್ಪ ಶಾಲೆಗೆ ಬಂದಿದ್ದರು. ಅವರು ಕೊನೆಗಾರರು, ಅಂದರೆ ಅಡಿಕೆ ಕೊನೆ ಕೊಯ್ಯುವವರು. ಅಡಿಕೆ ಮರ ಹತ್ತಿ ಹತ್ತಿ ಹುರಿಗಟ್ಟಿದ ಕೈ. ಕೇಳಿದ ಕೂಡಲೇ ‘ನೋಡ್ಕಳಿ ಮೇಷ್ಟ್ರೇ, ಕೈ ತಾನೇ’ ಎಂದು ಮುಂದೆ ಚಾಚಿದರು. ಮೊಣಕೈಗಿಂತ ಮೇಲೆ ಬಟ್ಟೆ ಕಟ್ಟಿದೆ. ಮಣಿಕಟ್ಟಿನ ನಾಡಿ ಸಿಗುತ್ತಲೇ ಇರಬೇಕು, ಅಷ್ಟೇ ಬಿಗಿ. ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ನಾಳಗಳು, ಅಂದರೆ ಅಭಿಧಮನಿಗಳು ಉಬ್ಬಿ, ಅಲ್ಲಲ್ಲಿ ಗಂಟು ಕಾಣಿಸಿದವು. ಕವಾಟಗಳು, ಅಂದರೆ ಒಂದೇ ಕಡೆಗೆ ತೆರೆಯುವ ಪುಟ್ಟ ಬಾಗಿಲುಗಳಿರುವ ಜಾಗ ಅದು. ಕೆಳಗೆ ಒಂದು ಬೆರಳಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿಂದ ರಕ್ತವನ್ನು ಮೇಲಿನ ಗಂಟು ದಾಟುವವರೆಗೆ ಸವರಿದೆ. ನಡುವಿನ ನಾಳ ಚಪ್ಪಟೆಯಾಯಿತು. ಮೇಲಿನ ಬೆರಳು ತೆಗೆದರೂ ರಕ್ತ ಕೆಳಗಿಳಿಯಲಿಲ್ಲ. ಕೆಳಗಿನದನ್ನು ತೆಗೆದೆ, ತಟ್ಟನೆ ತುಂಬಿತು. ಮಕ್ಕಳು ಮುಗಿಬಿದ್ದರು. ಬಟ್ಟೆಯನ್ನು ಒಂದೆರಡು ನಿಮಿಷದೊಳಗೆ ಬಿಚ್ಚಬೇಕು.

ಇದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಪ್ರಯೋಗ. ಇಟಲಿಯ ಪಡುವಾದಲ್ಲಿ ಅವನ ಗುರುವಾಗಿದ್ದ ಫ್ಯಾಬ್ರಿಸಿಯಸ್ ಈ ಕವಾಟಗಳನ್ನು ವಿವರಿಸಿದ್ದರೂ ಅವು ರಕ್ತದ ವೇಗ ತಗ್ಗಿಸಲು ಇವೆ ಎಂದುಕೊಂಡಿದ್ದ. ರಕ್ತ ಹೃದಯದ ಕಡೆಗೆ ಮಾತ್ರ ಹೋಗಲೆಂದೇ ಅವು ಇರುವುದು ಎಂದು ಕಂಡವನು ಶಿಷ್ಯ.

ಆಮೇಲೆ ಲೆಕ್ಕ. ಹೃದಯ ತಳ್ಳುವ ರಕ್ತ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ: ಹತ್ತಿರ ಹತ್ತಿರ 5 ಲೀಟರ್. ಗಂಟೆಗೆ 300 ಲೀಟರ್! ಉಂಡ ಅನ್ನದಿಂದ ಯಕೃತ್ತು ಹೊಸ ರಕ್ತ ಮಾಡುತ್ತದೆ, ದೇಹ ಅದನ್ನು ಖರ್ಚು ಮಾಡುತ್ತದೆ ಎಂಬ, ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಕಾಲದ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಮೈಯಲ್ಲಿರುವ ಸುಮಾರು 5 ಲೀಟರೇ ಮತ್ತೆ ಮತ್ತೆ ತಿರುಗಬೇಕು. ಹಾರ್ವೆಯ ಅಂಕಿಗಳು ಬೇರೆ, ತರ್ಕ ಇದೇ. ಮಕ್ಕಳು ಈ ಗುಣಾಕಾರವನ್ನು ತಾವೇ ಮಾಡಬೇಕು, ನಾನು ಬೋರ್ಡ್ ಮೇಲೆ ಬರೆಯುವುದಿಲ್ಲ.

ಮರುದಿನ ಕುರಿಯ ಹೃದಯ. ಮಟನ್ ಅಂಗಡಿಯಲ್ಲಿ ‘ಸೀಳಬೇಡಿ, ಮೇಲಿನ ಕೊಳವೆ ಉದ್ದ ಬಿಡಿ’ ಎಂದು ಮೊದಲೇ ಹೇಳಿಡಬೇಕು. ನೋಡಲು ಹಿಂಜರಿಯುವ ಮಕ್ಕಳಿಗೆ ಒತ್ತಾಯವಿಲ್ಲ, ಕೈಯ ಪ್ರಯೋಗವೇ ಅವರಿಗೆ ಸಾಕು. ಎಡ ಹೃತ್ಕುಕ್ಷಿಯ (ಹೃದಯದ ಕೆಳಕೋಣೆಯ) ಗೋಡೆ ಬಲದ್ದಕ್ಕಿಂತ ಎಷ್ಟು ದಪ್ಪವೆಂದು ಬೆರಳಿಗೇ ತಿಳಿಯುತ್ತದೆ. ಬಲಭಾಗ ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರಾಯಿತು, ಎಡಭಾಗ ಇಡೀ ಮೈಗೆ ತಳ್ಳಬೇಕು. ಆಮೇಲೆ ಎಡಭಾಗದಿಂದ ಹೊರಡುವ ದೊಡ್ಡ ಕೊಳವೆ ಮಹಾಪಧಮನಿಗೆ ನೀರು ಹುಯ್ಯುತ್ತೇನೆ. ಅಂಗಿ ಜೇಬಿನಂಥ ಮೂರು ಪದರಗಳು ತುಂಬಿ ಒಂದಕ್ಕೊಂದು ಅಂಟಿ ದಾರಿ ಮುಚ್ಚುತ್ತವೆ. ನಮಗೆ ಕೇಳುವ ‘ಲಬ್-ಡಬ್’ನಲ್ಲಿ ಎರಡನೆಯ ಸದ್ದು ಇಂಥ ಕವಾಟ ಮುಚ್ಚುವಾಗಿನದು. ನೀರು ಮಾತ್ರ ಕವಾಟದ ಮೇಲಿರುವ ಎರಡು ಪುಟ್ಟ ತೂತುಗಳಿಂದ ಮೆಲ್ಲಗೆ ಹೋಗುತ್ತಿರುತ್ತದೆ. ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ನಾಳಗಳ ಬಾಯಿ ಅವು. ‘ಹಾರ್ಟ್ ಬ್ಲಾಕ್ ಆಗೋದು ಇಲ್ಲೇನಾ ಸಾರ್?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಹೃದಯಾಘಾತ ತರುವ ಅಡಚಣೆ ಈ ನಾಳಗಳಲ್ಲೇ.

ಅಪಧಮನಿಯಿಂದ (ಹೃದಯದಿಂದ ರಕ್ತ ಒಯ್ಯುವ ನಾಳದಿಂದ) ಅಭಿಧಮನಿಗೆ ರಕ್ತ ದಾಟುವ, ಬರಿಗಣ್ಣಿಗೆ ಕಾಣದ ಲೋಮನಾಳಗಳನ್ನು ಹಾರ್ವೆ ನೋಡಲಿಲ್ಲ. 1661ರಲ್ಲಿ ಇಟಲಿಯ ವೈದ್ಯ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡ. ನಮಗೆ ಮಳೆಗಾಲದಲ್ಲಿ ಗದ್ದೆ ತುಂಬ ಗೊದಮೊಟ್ಟೆಗಳು. ಒಂದನ್ನು ಒದ್ದೆ ಹತ್ತಿಯಲ್ಲಿಟ್ಟು, ತೆಳು ಬಾಲವನ್ನು ಶಾಲೆಯ ಸೂಕ್ಷ್ಮದರ್ಶಕದಡಿ ತೋರಿಸಿದರೆ ರಕ್ತಕಣಗಳು ಸಾಲಾಗಿ ಸರಿಯುವುದು ಕಾಣುತ್ತದೆ. ಹತ್ತಿ ಆರಬಾರದು. ನೋಡಿ ಮುಗಿದ ಕೂಡಲೇ ಅದನ್ನು ಅದೇ ಗದ್ದೆಗೆ ಬಿಟ್ಟು ಬರುವ ಕೆಲಸ ಮಕ್ಕಳದು.