ಕುಂಡದಲ್ಲಿ ಪೊದೆ ಮೆಣಸು: ಮಾರ್ಚ್‌ನಿಂದ ಮಳೆಗಾಲದವರೆಗೆ ವಾರ ವಾರದ ಕೆಲಸ

ಕಾಳುಮೆಣಸಿಗೆ ಅಡಿಕೆ ಮರ ಬೇಕು, ಇಲ್ಲವೇ ಹಾಲುವಾಣ ಬೇಕು, ಕೊಯ್ಲಿಗೆ ಏಣಿ ಬೇಕು. ಈ ಲೆಕ್ಕವೆಲ್ಲ ಬಳ್ಳಿಗೆ. ಅದೇ ಬಳ್ಳಿಯ ಅಡ್ಡ ರೆಂಬೆಗೆ ಬೇರು ಬರಿಸಿ ಕುಂಡಕ್ಕೆ ಹಾಕಿದರೆ ಅದು ಮರ ಹತ್ತುವ ಗೋಜಿಗೆ ಹೋಗುವುದಿಲ್ಲ. ಸೊಂಟದೆತ್ತರದ ಪೊದೆಯಾಗಿ ನಿಂತು ಅಲ್ಲೇ ಕರೆ, ಅಂದರೆ ಕಾಳು ಕಟ್ಟುವ ಹೂತೆನೆ, ಬಿಡುತ್ತದೆ. ಶಿವಮೊಗ್ಗದ ತಾರಸಿಯಲ್ಲೂ ಆಗುತ್ತದೆ, ಹೊಸನಗರದ ಅಂಗಳದಲ್ಲೂ ಆಗುತ್ತದೆ. ಸಾಯುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಕತ್ತರಿಸುವಾಗ ತಪ್ಪು ಕಡ್ಡಿ ಹಿಡಿದಿರುತ್ತೇವೆ, ಅಥವಾ ಆಷಾಢದ ಮಳೆಯಲ್ಲಿ ಕುಂಡದ ನೀರು ಕೆಳಗಿಳಿದಿರುವುದಿಲ್ಲ.

ಕೆಲಸ ಶುರು ಮಾಡಲು ಒಳ್ಳೆಯ ಕಾಲ ಮಾರ್ಚ್ ಮೊದಲ ವಾರ. ಅಷ್ಟರಲ್ಲಿ ತೋಟದಲ್ಲಿ ಮೆಣಸಿನ ಕೊಯ್ಲು ಮುಗಿದಿರುತ್ತದೆ, ರೆಂಬೆಗಳ ಮೇಲೆ ಕಾಯಿಯ ಭಾರ ಇರುವುದಿಲ್ಲ. ಈಗ ಕಡ್ಡಿ ಇಟ್ಟರೆ ಜೂನ್ ಮಳೆ ಹಿಡಿಯುವ ಹೊತ್ತಿಗೆ ಗಿಡ ಕುಂಡದಲ್ಲಿ ಬೇರೂರಿರುತ್ತದೆ. ಜುಲೈಯಲ್ಲಿ ಕಡ್ಡಿ ಇಡುವವರೂ ಇದ್ದಾರೆ. ಮಲೆನಾಡಿನ ಜುಲೈಯಲ್ಲಿ ಬೇರಿಗಿಂತ ಮೊದಲು ಬರುವುದು ಬೂಸ್ಟು.

ಯಾವ ತಳಿ? ಬಿಸಿಲು ಚೆನ್ನಾಗಿ ಬೀಳುವ ಜಾಗವಿದ್ದರೆ ಪಣಿಯೂರು-1. ಕೇರಳದ ಪಣಿಯೂರು ಸಂಶೋಧನಾ ಕೇಂದ್ರದ ಈ ಹೈಬ್ರಿಡ್‌ನ ಕರೆ ಉದ್ದ, ಕಾಳು ದಪ್ಪ, ಆದರೆ ದಟ್ಟ ನೆರಳಿನಲ್ಲಿ ಇದು ಮುನಿಸಿಕೊಳ್ಳುತ್ತದೆ. ನೆರಳು ಜಾಸ್ತಿ ಇದ್ದಲ್ಲಿ ಕರಿಮುಂಡ ವಾಸಿ. ಪಕ್ಕದ ತೋಟದಲ್ಲಿ ಚೆನ್ನಾಗಿ ಬಿಡುವ ಮಲ್ಲಿಗೆಸರ ಇದ್ದರೆ ಅದನ್ನೇ ತನ್ನಿ, ಈ ಹವೆಗೆ ಒಗ್ಗಿದ ಬಳ್ಳಿ.

ಮೊದಲ ವಾರ: ಸರಿಯಾದ ಕಡ್ಡಿ

ಮೆಣಸಿನ ಬಳ್ಳಿಯಲ್ಲಿ ಮೂರು ಬಗೆಯ ಕುಡಿ ಇರುತ್ತದೆ. ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ಹಂಬು ಒಂದು. ಮರ ಅಪ್ಪಿಕೊಂಡು ನೇರ ಮೇಲೇರುವ ಕಾಂಡ ಇನ್ನೊಂದು. ಆ ಕಾಂಡದ ಗೆಣ್ಣುಗಳಿಂದ ಹೊರಕ್ಕೆ ಚಾಚುವ ಅಡ್ಡ ರೆಂಬೆ ಮೂರನೆಯದು. ಕರೆ ಬಿಡುವುದು ಅಡ್ಡ ರೆಂಬೆ ಮಾತ್ರ, ನಮಗೆ ಬೇಕಾದದ್ದೂ ಅದೇ. ನರ್ಸರಿಯಿಂದ ತಂದ ‘ಬುಷ್ ಪೆಪ್ಪರ್’ ಎರಡನೇ ವರ್ಷ ಗೋಡೆ ಹತ್ತತೊಡಗಿತು ಎಂದರೆ ಯಾರೋ ಹಂಬಿನ ಸಸಿಯನ್ನೇ ಕವರಿಗೆ ಹಾಕಿ ಮಾರಿದ್ದಾರೆ ಎಂದರ್ಥ.

ಗುರುತು ಹಿಡಿಯಲು ಕಣ್ಣಿಗಿಂತ ಹೆಬ್ಬೆರಳು ಮೇಲು. ಗೆಣ್ಣಿನ ಮೇಲೆ ಬೆರಳಾಡಿಸಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನ ಹಾಗೆ ಒರಟಾಗಿ ಅಂಟುಬೇರಿನ ಕುಚ್ಚು ಸಿಕ್ಕಿದರೆ ಅದು ಹತ್ತುವ ಕಾಂಡ, ಬಿಟ್ಟುಬಿಡಿ. ಗೆಣ್ಣು ನುಣ್ಣಗಿದ್ದು, ಕಡ್ಡಿ ಅಲ್ಲಿಷ್ಟು ಇಲ್ಲಿಷ್ಟು ಬಾಗುತ್ತ ಸಾಗಿದ್ದು, ಎಲೆಯ ಎದುರು ಬದಿಗೆ ಕರೆ ಕಿತ್ತ ಗುರುತು ಕಂಡರೆ ಅದೇ ಅಡ್ಡ ರೆಂಬೆ.

ಒಂದು ವರ್ಷ ಬಲಿತ, ಮೂರರಿಂದ ಐದು ಗೆಣ್ಣಿರುವ ತುಂಡು ಬೇಕು. ಹಸಿಹಸಿ ಎಳೆ ತುದಿ ಕೊಳೆಯುತ್ತದೆ, ತೀರಾ ಮುದಿ ಕಡ್ಡಿ ಬೇರು ಬಿಡಲು ತಿಂಗಳುಗಟ್ಟಲೆ ಸತಾಯಿಸುತ್ತದೆ. ಎಲೆ ಕಿರಿದಾಗಿ ಮುರುಟಿದ, ಹಳದಿ ಮಚ್ಚೆಯಿರುವ ಬಳ್ಳಿಯ ಹತ್ತಿರ ಹೋಗಲೇಬೇಡಿ. ಅದು ನಂಜುರೋಗ, ಕಡ್ಡಿಯ ಜೊತೆಗೇ ಬರುತ್ತದೆ, ಆಮೇಲೆ ಯಾವ ಔಷಧಿಯೂ ಇಲ್ಲ.

ಬೆಳಿಗ್ಗೆ ಬಿಸಿಲೇರುವ ಮೊದಲು ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ತನ್ನಿ. ತುದಿಯ ಒಂದೆಲೆ ಉಳಿಸಿ ಮಿಕ್ಕ ಎಲೆಗಳನ್ನು ತೊಟ್ಟಿನ ಸಮೇತ ತೆಗೆಯಿರಿ. ಕೆಳಗಿನ ಗೆಣ್ಣಿನ ತುಸು ಕೆಳಗೆ, ಹರಿತವಾದ ಬ್ಲೇಡಿನಿಂದ ಓರೆಯಾಗಿ ಕೊಯ್ಯಿರಿ. ಮೊಂಡು ಕತ್ತರಿ ತೊಗಟೆಯನ್ನು ಜಜ್ಜುತ್ತದೆ, ಜಜ್ಜಿದಲ್ಲಿಂದಲೇ ಕೊಳೆ ಶುರು. ಬೇರು ಬರಿಸುವ ಹಾರ್ಮೋನು ಐಬಿಎ ಆದರೆ 1000 ಪಿಪಿಎಂ ದ್ರಾವಣ, ಅಂದರೆ 100 ಮಿ.ಲೀ. ನೀರಿಗೆ 100 ಮಿ.ಗ್ರಾಂ. ಇದು ನೀರಿನಲ್ಲಿ ನೇರವಾಗಿ ಕರಗುವುದಿಲ್ಲ, ಮೊದಲು ಒಂದಿಷ್ಟು ಸ್ಪಿರಿಟ್‌ನಲ್ಲಿ ಕರಗಿಸಿಕೊಂಡು ನೀರು ಸೇರಿಸಬೇಕು. ಕಡ್ಡಿಯ ಬುಡವನ್ನು 45 ಸೆಕೆಂಡ್ ಅದ್ದಿದರೆ ಸಾಕು. ಅಂಗಡಿಯ ಪುಡಿಯಾದರೆ ಒದ್ದೆ ಬುಡಕ್ಕೆ ಸವರಿ ಕೊಡವಿ.

ಇನ್ನು ಚೀಲ. ಒಂದೂವರೆ ಅಡಿ ಎತ್ತರ, ಒಂದಡಿ ಅಗಲದ ಪಾರದರ್ಶಕ ಪಾಲಿಥೀನ್ ಚೀಲದ ಮೂರನೇ ಒಂದು ಭಾಗಕ್ಕೆ ತೆಂಗಿನ ನಾರಿನ ಪುಡಿ ತುಂಬಿ. ಹೊಸ ಕೋಕೋಪೀಟ್ ಇಟ್ಟಿಗೆಯಾದರೆ ನೆನೆಸಿ, ಕಂದು ನೀರು ಬಸಿದು, ಮತ್ತೆ ಎರಡು ಸಲ ತೊಳೆಯಿರಿ, ಅದರಲ್ಲಿ ಉಪ್ಪಿನಂಶ ಇರುತ್ತದೆ. ತೇವ ಎಷ್ಟಿರಬೇಕು ಎಂದರೆ, ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು. ಎರಡು ಗೆಣ್ಣು ಒಳಗಿರುವಂತೆ ಕಡ್ಡಿ ಊರಿ, ಸುತ್ತ ಒತ್ತಿ, ಚೀಲವನ್ನು ಗಾಳಿ ತುಂಬಿ ಉಬ್ಬಿಸಿ ಬಾಯಿ ಬಿಗಿಯಾಗಿ ಕಟ್ಟಿ. ಒಂದು ಚೀಲಕ್ಕೆ ಎಂಟು ಹತ್ತು ಕಡ್ಡಿ ಹಿಡಿಯುತ್ತದೆ. ನಿಮಗೆ ಬೇಕಾದ್ದರ ಎರಡರಷ್ಟು ಇಡಿ, ಎಲ್ಲವೂ ಬದುಕುವುದಿಲ್ಲ.

ಜಾಗ: ಜಗಲಿಯ ಉತ್ತರ ಬದಿ, ಮರದ ನೆರಳು, ಬಚ್ಚಲ ಹಿಂದಿನ ತಂಪು. ನೇರ ಬಿಸಿಲು ಒಂದು ಗಂಟೆ ಬಿದ್ದರೂ ಕಟ್ಟಿದ ಚೀಲ ಇಡ್ಲಿ ಪಾತ್ರೆಯಾಗುತ್ತದೆ.

ಎರಡರಿಂದ ಆರನೇ ವಾರ: ಬಿಚ್ಚದಿರುವುದೇ ಕೆಲಸ

ಚೀಲದ ಒಳಗೋಡೆಯಲ್ಲಿ ನೀರ ಹನಿ ಕಟ್ಟಿದ್ದರೆ ಎಲ್ಲ ಸರಿಯಿದೆ. ನೀರು ಹಾಕಬೇಕಿಲ್ಲ, ಬಿಚ್ಚಿ ನೋಡಬೇಕಿಲ್ಲ. ದಿನಾ ಬಿಚ್ಚಿ ನೋಡುವವರ ಕಡ್ಡಿಯ ಎಲೆ ಎರಡನೇ ವಾರಕ್ಕೇ ಉದುರುತ್ತದೆ. ಬುಡದಿಂದ ಮೇಲಕ್ಕೆ ಕಪ್ಪಾಗುತ್ತ ಬಂದ ಕಡ್ಡಿ ಕಂಡರೆ ಮಾತ್ರ ಚೀಲ ಬಿಚ್ಚಿ ಅದನ್ನು ತೆಗೆದು ಮತ್ತೆ ಕಟ್ಟಿ, ಇಲ್ಲದಿದ್ದರೆ ಪಕ್ಕದ್ದಕ್ಕೂ ಹರಡುತ್ತದೆ. ಎಲೆ ಉದುರಿದರೂ ಕಡ್ಡಿ ಹಸಿರಾಗಿ ಗಟ್ಟಿಯಿದ್ದರೆ ಬಿಟ್ಟಿರಿ, ಬದುಕಬಹುದು.

30ರಿಂದ 40 ದಿನಕ್ಕೆ ಚೀಲದ ಬದಿಯಲ್ಲಿ ಬಿಳಿ ಬೇರು ಕಾಣುತ್ತದೆ. ಕಂಡ ಕೂಡಲೇ ಸಂಭ್ರಮದಲ್ಲಿ ಕಿತ್ತು ನೆಡಬೇಡಿ. ಇಷ್ಟು ದಿನ ಹಬೆಯಲ್ಲಿದ್ದ ಎಲೆ ಹೊರಗಿನ ಒಣಗಾಳಿಗೆ ಅರ್ಧ ದಿನದಲ್ಲಿ ಜೋತುಬೀಳುತ್ತದೆ. ಮೊದಲ ದಿನ ಚೀಲದ ಮೂಲೆಯಲ್ಲಿ ಒಂದು ಸಣ್ಣ ತೂತು, ಎರಡು ದಿನ ಬಿಟ್ಟು ಇನ್ನೆರಡು, ವಾರದ ಕೊನೆಗೆ ಬಾಯಿ ಪೂರ್ತಿ ಬಿಚ್ಚಿ.

ಕಡ್ಡಿ ಚೀಲದಲ್ಲಿರುವ ಈ ಆರು ವಾರದಲ್ಲಿ ಮಣ್ಣನ್ನು ಸಿದ್ಧ ಮಾಡಿಕೊಳ್ಳಬೇಕು. ಮೆಣಸಿನ ಬಳ್ಳಿ ಸೊರಗಿ ಸತ್ತ ತೋಟದ ಮಣ್ಣು ಬೇಡವೇ ಬೇಡ. ಬೇರೆ ಕಡೆಯ ಮೇಲ್ಮಣ್ಣನ್ನು ಜರಡಿ ಹಿಡಿದು, ನೀರು ಚಿಮುಕಿಸಿ, ಅಂಗಳದಲ್ಲಿ ಅರ್ಧ ಅಡಿ ದಪ್ಪಕ್ಕೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಮಣ್ಣು ಒತ್ತಿ. ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಆರು ವಾರ ಬೆಂದ ಮಣ್ಣಿನಲ್ಲಿ ರೋಗದ ಶಿಲೀಂಧ್ರ, ಜಂತುಹುಳು, ಕಳೆಬೀಜ ಬಹಳ ಮಟ್ಟಿಗೆ ಸತ್ತಿರುತ್ತವೆ. ಅಡಿಕೆ ಒಣಗಿಸುವ ಅಂಗಳ ಆ ಹೊತ್ತಿಗೆ ಹೇಗೂ ಖಾಲಿ.

ಏಳರಿಂದ ಹನ್ನೊಂದನೇ ವಾರ

ಬೇರು ಬಂದ ಕಡ್ಡಿಯನ್ನು ಒಂದೊಂದಾಗಿ ಸಣ್ಣ ನರ್ಸರಿ ಕವರಿಗೆ ಹಾಕಿ. ಮಿಶ್ರಣ ಎರಡು ಬುಟ್ಟಿ ಮಣ್ಣು, ಒಂದು ಬುಟ್ಟಿ ಹೊಳೆ ಮರಳು, ಒಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ. ಬೇರು ಗಾಜಿನಷ್ಟು ಪೆಡಸು, ನಾರಿನ ಪುಡಿ ಕೊಡವಲು ಹೋಗದೆ ಅಂಟಿಕೊಂಡಷ್ಟರ ಸಮೇತ ಇಡಿ. ಎರಡು ವಾರ ನೆರಳು, ಆಮೇಲೆ ಬೆಳಗಿನ ಬಿಸಿಲು. ಹೊಸ ಎಲೆ ಎರಡು ಬಂದವು ಎಂದರೆ ಗಿಡ ಹಿಡಿದಂತೆ.

ಕೆಲವು ಗಿಡ ಎಲೆಗಿಂತ ಮೊದಲು ಪುಟ್ಟ ಕರೆ ಬಿಡುತ್ತವೆ. ನೋಡಲು ಚಂದ, ಆದರೆ ಚಿವುಟಿ ಹಾಕಿ. ಎರಡೆಲೆಯ ಗಿಡ ಕಾಳು ಸಾಕಲು ಹೋದರೆ ಬೇರು ಬೆಳೆಸುವುದಿಲ್ಲ.

ಒಂಬತ್ತನೇ ವಾರದ ಹೊತ್ತಿಗೆ ಐದು ಕಿಲೊ ಕೊಟ್ಟಿಗೆ ಗೊಬ್ಬರಕ್ಕೆ ಅರ್ಧ ಕಿಲೊ ಬೇವಿನ ಹಿಂಡಿ, 100 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರದ ಪುಡಿ) ಬೆರೆಸಿ, ತೇವ ಮಾಡಿ, ಗೋಣಿ ಮುಚ್ಚಿ ನೆರಳಲ್ಲಿಡಿ. ಎರಡು ವಾರದಲ್ಲಿ ಹಸಿರು ಬೂಸ್ಟು ಹಿಡಿದರೆ ಗೊಬ್ಬರ ತಯಾರು.

ಹನ್ನೆರಡನೇ ವಾರ: ಕುಂಡಕ್ಕೆ

ಈಗ ಮೇ ಕೊನೆ. ಹತ್ತು ಕಿಲೊ ಮಣ್ಣು ಹಿಡಿಯುವ ಕುಂಡ ಅಥವಾ ಗ್ರೋ ಬ್ಯಾಗ್ ಸಾಕು. ತಳದಲ್ಲಿ ಒಂದೇ ತೂತಿದ್ದರೆ ಇನ್ನೂ ನಾಲ್ಕೈದು ಕೊರೆಯಿರಿ, ಬದಿಯಲ್ಲೂ ತಳದಿಂದ ಒಂದಿಂಚು ಮೇಲೆ ಮೂರು. ಅಡಿಯಲ್ಲಿ ಎರಡಿಂಚು ಜಂಬಿಟ್ಟಿಗೆ ಚೂರು, ಮೇಲೆ ಅದೇ 2:1:1ರ ಮಿಶ್ರಣ, ಗೊಬ್ಬರದ ಪಾಲಿಗೆ ಟ್ರೈಕೋಡರ್ಮಾ ಗೊಬ್ಬರ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ, ಕುಂಡಕ್ಕೆ 20 ಗ್ರಾಂ ಡೋಲೋಮೈಟ್ ಸುಣ್ಣದ ಪುಡಿ ಬೆರೆಸಿದರೆ ಒಳ್ಳೆಯದು. ಒಂದು ಕುಂಡಕ್ಕೆ ಮೂರು ಗಿಡ ನೆಟ್ಟರೆ ಪೊದೆ ಬೇಗ ತುಂಬುತ್ತದೆ. ಕುಂಡವನ್ನು ನೆಲಕ್ಕೆ ತಾಗಿಸಿ ಇಡಬೇಡಿ, ಎರಡು ಇಟ್ಟಿಗೆಯ ಮೇಲೆ ಕೂರಿಸಿ. ತಟ್ಟೆ ಇಟ್ಟು ನೀರು ನಿಲ್ಲಿಸುವ ಪಟ್ಟಣದ ಅಭ್ಯಾಸ ಮೆಣಸಿಗೆ ವಿಷ.

ನೆಟ್ಟ ಮೇಲೆ ಒಂದು ಬಕೆಟ್ ನೀರು ಸುರಿದು ನೋಡಿ. ಒಂದೆರಡು ನಿಮಿಷದಲ್ಲಿ ಮೇಲಿನ ನೀರು ಇಳಿದುಹೋಗಬೇಕು. ನಿಂತರೆ ಆಗಲೇ ಕಿತ್ತು ಮರಳು ಹೆಚ್ಚಿಸಿ. ಜೂನ್‌ನಲ್ಲಿ ಆ ಕೆಲಸ ಆಗುವುದಿಲ್ಲ.

ಹದಿಮೂರನೇ ವಾರ: ಮಳೆಗೆ ಮೊದಲು ಬೋರ್ಡೋ

ಸೊರಗು ರೋಗ ತರುವ ಫೈಟಾಫ್ತೊರಾ ಎಂಬ ರೋಗಾಣು ಮಳೆ ಹನಿಯ ಜೊತೆ ಮಣ್ಣಿನಿಂದ ಎಲೆಗೆ ಚಿಮ್ಮುತ್ತದೆ. ಮೊದಲು ಕೆಳಗಿನ ಎಲೆಯಲ್ಲಿ ನೀರಲ್ಲಿ ಬೆಂದಂಥ ಕಪ್ಪು ಮಚ್ಚೆ ಕಾಣುತ್ತದೆ, ಅಂಚು ನೂಲು ನೂಲಾಗಿರುತ್ತದೆ. ಬುಡ ಕಪ್ಪಾದ ಮೇಲೆ ಎಲೆಗಳೆಲ್ಲ ಜೋತು, ಎರಡು ಮೂರು ವಾರದಲ್ಲಿ ಗಿಡ ಮುಗಿಯುತ್ತದೆ. ಆಮೇಲೆ ಮದ್ದಿಲ್ಲ, ಮೊದಲೇ ಕಾಯಬೇಕು.

ಇದಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡುವ ತಾಮ್ರದ ದ್ರಾವಣ; ನಾಲ್ಕಾರು ಕುಂಡಕ್ಕೆ ಶೇ. 1ರದ್ದು ಒಂದು ಲೀಟರ್ ಸಾಕು. 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ, ಎರಡೂ ಪ್ಲಾಸ್ಟಿಕ್ ಪಾತ್ರೆಯಲ್ಲೇ ಕರಗಿಸಿ. ತುತ್ತದ ನೀರನ್ನು ಸುಣ್ಣದ ತಿಳಿಗೆ ಕಲಕುತ್ತ ಸುರಿಯಬೇಕು, ಉಲ್ಟಾ ಮಾಡಿದರೆ ದ್ರಾವಣ ಒಡೆದು ಗಸಿ ಕೂರುತ್ತದೆ. ತೊಳೆದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ. ಚಾಕುವಿನ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಬಟ್ಟೆಯಲ್ಲಿ ಸೋಸಿ ಅದೇ ದಿನ, ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿ, ನಾಳೆಗೆ ಇಡಬೇಡಿ. ಸಿಂಪಡಿಸುವಾಗ ಕುಂಡದ ಮಣ್ಣಿಗೆ ಅಡಿಕೆ ಹಾಳೆ ಮುಚ್ಚಿರಿ. ತಾಮ್ರ ಬಿದ್ದರೆ ನೀವೇ ಹಾಕಿದ ಟ್ರೈಕೋಡರ್ಮಾ ಸಾಯುತ್ತದೆ. ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ.

ಮಳೆ ಹಿಡಿದ ಮೇಲೆ

ಇಲ್ಲಿ ಊರಿಂದೂರಿಗೆ ವ್ಯತ್ಯಾಸ. ಶಿವಮೊಗ್ಗ ಪಟ್ಟಣದಲ್ಲಿ ವರ್ಷಕ್ಕೆ ಸಾವಿರ ಮಿ.ಮೀ. ಆಸುಪಾಸಿನ ಮಳೆ, ಕುಂಡ ಬಯಲಲ್ಲಿದ್ದರೂ ನಡೆಯುತ್ತದೆ. ಆಗುಂಬೆಯಲ್ಲಿ 7000 ಮಿ.ಮೀ. ದಾಟುತ್ತದೆ. ತೀರ್ಥಹಳ್ಳಿಯಿಂದ ಮೇಲಕ್ಕೆ ಕುಂಡವನ್ನು ಸೂರಂಚಿನ ಒಳಗೆ ಸರಿಸಿ, ಆದರೆ ಹಂಚಿನ ಧಾರೆ ಬೀಳುವಲ್ಲಿ ಅಲ್ಲ. ಹಾಗೆಂದು ಪೂರ್ತಿ ಒಳಗಿಟ್ಟರೂ ತಪ್ಪು. ಮೆಣಸಿನ ಪರಾಗ ಹರಡುವುದು ಹನಿ ನೀರಿನಿಂದ, ಕರೆ ಮೇಲಿಂದ ಕೆಳಗೆ ಒದ್ದೆಯಾದರೆ ಕಾಳು ಕಟ್ಟುತ್ತದೆ. ಸೂರಿನಡಿ ಇಟ್ಟ ಗಿಡಕ್ಕೆ ದಿನಕ್ಕೊಮ್ಮೆ ಸ್ಪ್ರೇ ಬಾಟಲಿಯಿಂದ ಕರೆಗೆ ತುಂತುರು ಹೊಡೆಯಿರಿ. ಅಲ್ಲಲ್ಲಿ ಕಾಳಿಲ್ಲದೆ ಬೋಳಾದ ಕರೆಗೆ ಹೆಚ್ಚಾಗಿ ಇದೇ ಕಾರಣ.

ಬುಡಕ್ಕೆ ತರಗೆಲೆ ತೆಳುವಾಗಿ ಹಾಸಿ, ಮಣ್ಣು ಎಲೆಗೆ ಸಿಡಿಯುವುದಿಲ್ಲ. ನೆಲಕ್ಕೆ ತಾಗುವ ರೆಂಬೆ ಕತ್ತರಿಸಿ. ಬುಡದಿಂದ ಅಂಟುಬೇರಿನ ಹತ್ತುವ ಕುಡಿ ಎದ್ದರೆ ಅಲ್ಲೇ ಚಿವುಟಿ, ಬಿಟ್ಟರೆ ಪೊದೆಯ ಸತ್ವವೆಲ್ಲ ಅದಕ್ಕೇ. ಇರುವೆ ಸಾಲು ಕುಂಡದ ತೂತಿನೊಳಗೆ ಓಡಾಡುತ್ತಿದ್ದರೆ ಬೇರಿನಲ್ಲಿ ಬಿಳಿ ಹಿಟ್ಟುತಿಗಣೆ ಇದೆಯೇ ಎಂದು ನೋಡಿ. ಗಿಡ ಕಾರಣವಿಲ್ಲದೆ ಹಳದಿಯಾಗುವುದಕ್ಕೆ ಅದೂ ಒಂದು ಕಾರಣ.

ಗೊಬ್ಬರ ಎರಡು ತಿಂಗಳಿಗೊಮ್ಮೆ. ಕುಂಡವೊಂದಕ್ಕೆ ಸಾರಜನಕ 1 ಗ್ರಾಂ, ರಂಜಕ ಅರ್ಧ ಗ್ರಾಂ, ಪೊಟ್ಯಾಷ್ 2 ಗ್ರಾಂ. ಅಂಗಡಿಯ ಲೆಕ್ಕದಲ್ಲಿ ಯೂರಿಯಾ 2 ಗ್ರಾಂ ಚಿಲ್ಲರೆ, ಶಿಲಾರಂಜಕ ಎರಡೂವರೆ, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಮೂರು ಗ್ರಾಂ ಮೇಲೆ ಸ್ವಲ್ಪ. ಚಿನ್ನ ತೂಗುವ ಜಾಗ್ರತೆ ಬೇಕು, ಒಂದು ಮುಷ್ಟಿ ಯೂರಿಯಾ ಕುಂಡದ ಗಿಡವನ್ನು ಸುಟ್ಟು ಹಾಕುತ್ತದೆ. ರಾಸಾಯನಿಕ ಬೇಡವೆನ್ನುವವರಿಗೆ 15 ಗ್ರಾಂ ಕಡಲೆಕಾಯಿ ಹಿಂಡಿ, 30 ಗ್ರಾಂ ಬೇವಿನ ಹಿಂಡಿ. ಪೊಟ್ಯಾಷ್ ಬಾಬ್ತಿಗೆ ಒಲೆ ಬೂದಿ ಒಂದು ಚಮಚ. ಜಡಿಮಳೆಯ ವಾರದಲ್ಲಿ ಯಾವುದನ್ನೂ ಹಾಕಬೇಡಿ, ತೊಳೆದುಹೋಗುತ್ತದೆ.

ಕೊಯ್ಲು

ಹೂವಿನಿಂದ ಹಣ್ಣಿಗೆ ಆರೇಳು ತಿಂಗಳು. ಉಪ್ಪುನೀರಿಗೆ ಹಾಕುವುದಾದರೆ ಅದಕ್ಕೂ ಮೊದಲು, ಕಾಳನ್ನು ಉಗುರಿನಿಂದ ಒತ್ತಿದರೆ ಸೀಳುವಷ್ಟು ಎಳೆಯದಿರುವಾಗಲೇ ಕೊಯ್ಯಬೇಕು. ಒಣಮೆಣಸಿಗಾದರೆ ಕರೆಯಲ್ಲಿ ಒಂದೆರಡು ಕಾಳು ಕೆಂಪಾದ ದಿನ. ಕಾಳು ಬಿಡಿಸಿ, ಬಟ್ಟೆಯಲ್ಲಿ ಕಟ್ಟಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಬಣ್ಣ ಒಂದೇ ಸಮ ಕಪ್ಪಾಗುತ್ತದೆ, ಒಣಗುವುದೂ ಬೇಗ. ನಾಲ್ಕೈದು ಬಿಸಿಲು ಸಾಕು. ಹಲ್ಲಿನಲ್ಲಿ ಕಡಿದಾಗ ಟಕ್ಕೆಂದು ಒಡೆಯಬೇಕು, ಮೆತ್ತಗೆ ಜಗ್ಗಿದರೆ ಇನ್ನೊಂದು ಬಿಸಿಲು ಕೊಡಿ. ಮೂರು ಕಿಲೊ ಹಸಿ ಕಾಳಿಗೆ ಒಣಗಿದ್ದು ಒಂದು ಕಿಲೊದಷ್ಟು ಉಳಿಯುತ್ತದೆ.

ಕೊಯ್ಲಾದ ಮೇಲೆ ಉದ್ದ ಚಾಚಿದ ರೆಂಬೆಗಳನ್ನು ಸವರಿ. ಎರಡು ವರ್ಷಕ್ಕೊಮ್ಮೆ ಗಿಡವನ್ನು ಹೆಂಟೆ ಸಮೇತ ಎತ್ತಿ, ಕುಂಡದ ಗೋಡೆಗೆ ಸುತ್ತಿಕೊಂಡ ಬೇರನ್ನು ಒಂದಂಗುಲ ಕತ್ತರಿಸಿ, ಹೊಸ ಮಿಶ್ರಣ ತುಂಬಿ ಕೂರಿಸಬೇಕು. ಇದನ್ನು ಮೇ ತಿಂಗಳಲ್ಲೇ ಮಾಡಿ. ಬೇರಿನಲ್ಲಿ ರಾಗಿ ಕಾಳಿನಂಥ ಗಂಟುಗಳು ಕಂಡರೆ ಜಂತುಹುಳು ಹಿಡಿದಿದೆ, ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ.